ಬೆಂಕಿ ವಿಮೆ ಮಾಡಿಸಿದ ಮಾಸ್ತರ

ಮನೆಗೆ ಬೆಂಕಿ ಬಿದ್ದರೆ ಮುಂಬೈಯವರು ಹೊಸ ಮನೆ ಕಟ್ಟಿಸಿಕೊಡುತ್ತಾರೆ ಎಂಬ ಸಂಗತಿಯನ್ನು ಭಾಲ್ಕಿಯ ನಮ್ಮ ಓಣಿಯಲ್ಲಿ ಮೊಟ್ಟಮೊದಲು ತಿಳಿದುಕೊಂಡವನು ನಾನು. ಉಳಿದವರೆಲ್ಲ ಮನೆ ಕಾಯುವುದಕ್ಕೆ ದೇವರನ್ನೋ ನಾಯಿಯನ್ನೋ ನಂಬಿದ್ದರು. ನಾನೊಬ್ಬನೇ ಕಾಗದವನ್ನು ನಂಬಿದ್ದೆ!

ಆಗಿನ್ನೂ ನಮ್ಮದು ಹೈದರಾಬಾದ್ ರಾಜ್ಯ. ನಾನು ಸರಕಾರಿ ಶಾಲೆಯ ಮಾಸ್ತರ. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಲೆಕ್ಕ ಕಲಿಸುತ್ತಿದ್ದೆ. ಭಾರತದ ಸೈನ್ಯ ಬಂದು ಪೊಲೀಸ್ ಆಕ್ಷನ್ ಆದಮೇಲೆ ಅದೇ ಲೆಕ್ಕವನ್ನು ಕನ್ನಡದಲ್ಲಿ ಕಲಿಸಬೇಕೆಂದು ಹುಕುಂ ಬಂತು. ಕಲಿಸಿದೆ. ಹುಡುಗರ ಉತ್ತರ ಎರಡೂ ಭಾಷೆಯಲ್ಲಿ ತಪ್ಪೇ ಬರುತ್ತಿತ್ತು. ಇಷ್ಟು ಸಾಲದೆಂದು ನನಗೆ ಇಂಗ್ಲಿಷ್ ಕೂಡ ಬರುತ್ತದೆಂಬ ನಂಬಿಕೆ ಇತ್ತು. ಶಬ್ದಕೋಶ ಪಕ್ಕದಲ್ಲಿದ್ದರೆ ಯಾವ ಕಾಗದದ್ದಾದರೂ ಮೊದಲ ಪುಟವನ್ನು ಓದಿ ಮುಗಿಸುತ್ತಿದ್ದೆ. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ದಣಿವಾಗುತ್ತಿತ್ತು. ಮುಂದೆ ನಡೆದ ಅನಾಹುತದಲ್ಲಿ ಅರ್ಧ ಪಾಲು ಆ ದಣಿವಿನದು. ಉಳಿದರ್ಧ ನನ್ನದು.

ವಿಮೆ ಯಾಕೆ ಬೇಕಾಯಿತೆಂದು ಹೇಳಬೇಕು. ನನ್ನ ಹೆಂಡತಿ ನೀಲಮ್ಮ ಮೂರು ವರ್ಷದಿಂದ ಮನೆ ಬಿಟ್ಟು ಹೊರಗೆ ಹೋಗುತ್ತಿರಲಿಲ್ಲ. ಸಂತೆಗೆ ಹೋದರೂ ಅರ್ಧ ದಾರಿಯಲ್ಲಿ ತಿರುಗಿ ಬರುತ್ತಿದ್ದಳು. ಪೊಲೀಸ್ ಆಕ್ಷನ್ ಆದ ಮರುವಾರ ನಾವು ನಮ್ಮಣ್ಣನ ಬಂಡಿ ಕಟ್ಟಿಕೊಂಡು, ಮನೆಗೆ ಬೀಗ ಹಾಕಿ, ಔರಾದಿನ ಅವಳ ತವರಿಗೆ ಹೋಗಿದ್ದೆವು. ತಿಂಗಳಾದ ಮೇಲೆ ಮರಳಿ ಬಂದಾಗ, ಸೇಡಿಗೆಂದು ಬಂದ ಗುಂಪಿನ ಬೆಂಕಿಗೆ ಮುಸಲ್ಮಾನರಿದ್ದ ಓಣಿಯ ಅರ್ಧ ಭಾಗ ಕರ್ರಗಾಗಿತ್ತು. ನಮ್ಮ ಮನೆಗೆ ಏನೂ ಆಗಿರಲಿಲ್ಲ, ಒಂದು ಗೋಡೆಗೆ ಮಸಿ ಹಿಡಿದಿತ್ತು ಅಷ್ಟೆ. ಆ ಗೋಡೆಯ ಆಚೆ ಇದ್ದದ್ದು ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಹಲೀಮಾ ಖಾಲಾ ಅವರ ಮನೆ. ಹೊದೆಯುವ ರಜಾಯಿ ಹೊಲಿಯುವ ಮನೆ, ಒಳಗೆಲ್ಲ ಹತ್ತಿ. ಅದು ಪೂರ್ತಿ ಸುಟ್ಟಿತ್ತು. ಹತ್ತಿ ಉಳಿಸಲು ಒಳಗೆ ಹೋದ ಅವರ ಯಜಮಾನರು ಹೊರಗೆ ಬರಲಿಲ್ಲ. ಖಾಲಾ ಮತ್ತು ಮಗಳು ಜುಬೇದಾ ಇಬ್ಬರೇ ಉಳಿದರು. ಸುಟ್ಟ ಗೋಡೆಗೆ ತಗಡು ಒರಗಿಸಿ, ಆಮೇಲೆ ಮಣ್ಣು ಮೆತ್ತಿ, ಅದೇ ಜಾಗದಲ್ಲಿ ಕೂತು ಮತ್ತೆ ರಜಾಯಿ ಹೊಲಿಯತೊಡಗಿದರು.

ಅದಕ್ಕೂ ಮುಂಚಿನ ಒಂದು ಮಾತು. ನಿಜಾಮರ ಕಾಲದ ಕೊನೆಯ ತಿಂಗಳುಗಳಲ್ಲಿ ನಿಜಾಮರ ಪರ ಬಂದೂಕು ಹಿಡಿದವರು ಓಣಿಗೆ ಬಂದು ಮನೆ ಮನೆ ಹುಡುಕಿದಾಗ, ಇದೇ ಖಾಲಾ ನಮ್ಮಿಬ್ಬರನ್ನೂ ಎರಡು ದಿನ ತಮ್ಮ ರಜಾಯಿಗಳ ಕೆಳಗೆ ಬಚ್ಚಿಟ್ಟಿದ್ದರು. ಬಂದೂಕಿನವರು ಬಾಗಿಲಲ್ಲಿ ನಿಂತಿದ್ದಾಗಲೇ ನನಗೆ ಸೀನು ಬಂತು. ಸೀನಿದೆ! ಖಾಲಾ ತಟ್ಟನೆ ತಾವೇ ನಾಲ್ಕು ಸಲ ಜೋರಾಗಿ ಸೀನಿ, ಹತ್ತಿಯ ಧೂಳಿಗೆ ಬಾಯಿಗೆ ಬಂದಂತೆ ಬೈದು, ಅವರನ್ನು ಸಾಗಹಾಕಿದರು. ನನ್ನ ಜೀವ ಉಳಿದದ್ದು ಆ ನಾಲ್ಕು ಸುಳ್ಳು ಸೀನಿನಿಂದ.

ಹೀಗಿರುವಾಗ ಆ ವರ್ಷ ದೀಪಾವಳಿ ಕಳೆದು ಚಳಿ ಬಿದ್ದಾಗ ಬೀದರಿನಿಂದ ಒಬ್ಬ ವಿಮೆ ಏಜೆಂಟರು ಬಂದರು. ಕರಿ ಕೋಟು, ಚರ್ಮದ ಚೀಲ. ಶಾಲೆಯ ಕಟ್ಟೆಯ ಮೇಲೆ ಕೂತು ಅವರು ಕೇಳಿದ ಮೊದಲ ಪ್ರಶ್ನೆಗೇ ನಾನು ಬಿದ್ದೆ.

"ಮಾಸ್ತರ, ನಿಮ್ಮ ಮನಿ ಸುಟ್ಟರ ಯಾರು ಕಟ್ಟಿಸಿ ಕೊಡ್ತಾರ್ರಿ?"

"ಯಾರೂ ಇಲ್ರಿ."

"ನಾವು ಕೊಡ್ತೇವಿ."

ಅವರ ಮುಖ ನೋಡಿದೆ. ನಗುತ್ತಿರಲಿಲ್ಲ. ಕೂಡಲೇ ರುಜು ಹಾಕಿದೆ. ಮನೆಗೆ ಓಡಿ ಬಂದು ನೀಲಮ್ಮನಿಗೆ ಹೇಳಿದೆ.

"ಇನ್ನ ಮನಿ ಸುಟ್ಟರೂ ಚಿಂತಿ ಇಲ್ಲ!"

"ಸುಡ್ತದೇನ್ರಿ?"

"ಸುಡಂಗಿಲ್ಲ. ಒಂದು ವೇಳೆ ಸುಟ್ಟರ ಅಂದೆ."

"ಸುಡಂಗಿಲ್ಲ ಅಂದ್ರ ಕಾಗದ ಯಾಕ ಬೇಕ್ರಿ?"

ಇದಕ್ಕೆ ಉತ್ತರ ಏಜೆಂಟರು ಹೇಳಿಕೊಟ್ಟಿರಲಿಲ್ಲ. ಆದರೂ ನಾನು ಬಿಡಲಿಲ್ಲ. ಎಳ್ಳ ಅಮಾವಾಸ್ಯೆಗೆ ಒಂದು ತಿಂಗಳಷ್ಟೇ ಉಳಿದಿತ್ತು. ನಮ್ಮ ಕಡೆ ಅಂದು ಊರಿಗೆ ಊರೇ ಖಾಲಿ. ಅಂಬಲಿಯ ಗಡಿಗೆ, ಕಾಳು ಸೊಪ್ಪು ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ ಕಟ್ಟಿಕೊಂಡು ಎಲ್ಲರೂ ಹೊಲದಲ್ಲಿ ಇರುತ್ತಾರೆ. ನಾವು ಮಾತ್ರ ಮೂರು ವರ್ಷ ಮನೆಯೊಳಗೇ ಕೂತು ಅಂಬಲಿ ಕುಡಿದಿದ್ದೆವು. ಈ ಸಲ ಖಟಕ ಚಿಂಚೋಳಿಯಲ್ಲಿರುವ ನಮ್ಮಣ್ಣನ ಹೊಲಕ್ಕೆ ಹೋಗೋಣ, ಮನೆ ಕಾಯಲು ಕಂಪನಿ ಇದೆ ಎಂದು ಮೂರು ದಿನ ಹೇಳಿದೆ. ನಾಲ್ಕನೆಯ ದಿನ ನೀಲಮ್ಮ ರೊಟ್ಟಿ ಬಡಿಯುತ್ತಾ ತಲೆ ಎತ್ತದೆ, "ಹೋಗೋಣ್ರಿ. ನನಗೂ ನಾಕು ಗ್ವಾಡಿ ನೋಡಿ ನೋಡಿ ಸಾಕಾಗ್ಯದ" ಅಂದಳು. ನನಗೆ ಎಷ್ಟು ಸಂತೋಷವಾಯಿತೆಂದರೆ ಕಣ್ಣಲ್ಲಿ ನೀರು ಬಂತು. ಒಲೆಯ ಹೊಗೆಯ ನೆವ ಹೇಳಿ ಒರೆಸಿಕೊಂಡೆ.

ಕೆಲವು ವಾರಕ್ಕೆ ಅಂಚೆಯಲ್ಲಿ ದಪ್ಪ ಲಕೋಟೆ ಬಂತು. ಒಳಗೆ ನಾಲ್ಕು ಪುಟದ ವಿಮೆ ಪತ್ರ, ಬಾಗಿಲಿಗೆ ಬಡಿಯಲು ಒಂದು ಕೆಂಪು ತಗಡು, ಮತ್ತು ಚಳಿಗಾಲದ ಹಬ್ಬಕ್ಕೆ ಮನೆ ಬಿಟ್ಟು ಹೋಗುವವರು ಬೆಂಕಿಯ ಬಗ್ಗೆ ವಹಿಸಬೇಕಾದ ಎಚ್ಚರಿಕೆಗಳ ಒಂದು ಹಾಳೆ. ವಿಮೆ ಪತ್ರದ ಮೊದಲ ಪುಟ ಓದಿ ತೃಪ್ತನಾದೆ. ಹಾಳೆಯನ್ನು ಮಾತ್ರ ಕೋಶ ಹಿಡಿದು ಅಕ್ಷರ ಅಕ್ಷರ ಓದಿದೆ. ಅದು ಬಿಳಿ ದೊರೆಗಳ ಮನೆಗಾಗಿ ಯಾವ ಕಾಲದಲ್ಲೋ ಅಚ್ಚಾದ ಹಾಳೆ ಎಂದು ನನಗೆ ಹೇಗೆ ತಿಳಿಯಬೇಕು?

ಹೊಗೆ ಹೋಗುವ ಚಿಮಣಿಯನ್ನು ಹಬ್ಬಕ್ಕೆ ಮುಂಚೆ ಗುಡಿಸಬೇಕು ಎಂದಿತ್ತು. ನಮಗೆ ಚಿಮಣಿ ಎಲ್ಲಿಂದ ಬರಬೇಕು? ಮಣ್ಣಿನ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು. ಮನಸ್ಸು ಬಂದರೆ ಹೊಗೆ ಅದರಿಂದ ಹೋಗುತ್ತಿತ್ತು, ಇಲ್ಲವಾದರೆ ನೀಲಮ್ಮನ ಕಣ್ಣಿಗೆ ಹೋಗುತ್ತಿತ್ತು. ನಾನು ಬಿದಿರಿನ ಕೋಲಿಗೆ ಹಳೇ ಧೋತರ ಸುತ್ತಿಕೊಂಡು ಮಾಳಿಗೆ ಏರಿ, ಬೆಳಕಿಂಡಿಯೊಳಗೆ ಜೋರಾಗಿ ಇಳಿಬಿಟ್ಟೆ. ನಮ್ಮಜ್ಜನ ಕಾಲದಿಂದ ಕೂತಿದ್ದ ಮಸಿ ಒಂದೇ ಸಲಕ್ಕೆ ಕೆಳಗಿಳಿಯಿತು. ಕೆಳಗೆ ಅಂಬಲಿಗೆಂದು ಕಲೆಸಿಟ್ಟ ಹಿಟ್ಟಿನ ಗಡಿಗೆ ಇತ್ತು.

"ಏನ್ರಿ ಅದು?" ಒಳಗಿನಿಂದ ನೀಲಮ್ಮ ಕೂಗಿದಳು.

"ಸುರಕ್ಷತೆ!" ಎಂದು ಮೇಲಿಂದ ಕೂಗಿದೆ.

ಮಾಳಿಗೆ ಏರಿದ್ದೇ ಆಯಿತೆಂದು ಇನ್ನೊಂದು ಕೆಲಸವನ್ನೂ ಮುಗಿಸಿಕೊಂಡೆ. ನೆರೆಮನೆಯಲ್ಲಿ ಬೇಗ ಹೊತ್ತಿಕೊಳ್ಳುವ ಸಾಮಾನೇನಿದೆ ಎಂದು ನೋಡಿ ಬರೆದಿಟ್ಟುಕೊಳ್ಳಬೇಕು ಎಂದು ಹಾಳೆಯಲ್ಲಿತ್ತು. ಬಗ್ಗಿ ಖಾಲಾ ಅವರ ಅಂಗಳ ನೋಡಿದೆ. ಕಿವಿಯ ಮೇಲಿನ ಪೆನ್ಸಿಲ್ ತೆಗೆದು, "ಹತ್ತಿ ಏಳು ಗಂಟು, ಬಾಗಿಲು ಒಂದು, ಗಂಡಸರು ಇಲ್ಲ" ಎಂದು ಬಾಯಿಬಿಟ್ಟು ಹೇಳಿಕೊಳ್ಳುತ್ತಾ ಬರೆದುಕೊಂಡೆ. ಅಂಗಳದಲ್ಲಿ ಸೂಜಿ ಹಿಡಿದು ಕೂತಿದ್ದ ಖಾಲಾ ತಲೆ ಎತ್ತಿದರು. ಮುಖಕ್ಕೆಲ್ಲ ಮಸಿ ಬಡಿದುಕೊಂಡ ಮನುಷ್ಯನೊಬ್ಬ ಮಾಳಿಗೆಯ ಮೇಲೆ ನಿಂತು ತಮ್ಮ ಹತ್ತಿಯ ಗಂಟು ಎಣಿಸುವುದನ್ನು ಕಂಡು ಅವರಿಗೆ ಏನನ್ನಿಸಿರಬೇಕು? ಆಗ ನನಗೆ ಆ ಪ್ರಶ್ನೆ ಹೊಳೆಯಲಿಲ್ಲ. ನಾನು ಹಲ್ಲು ಬಿಟ್ಟು ಕೈಬೀಸಿದೆ.

"ಖಾಲಾ, ಈ ಗ್ವಾಡಿ ಕಡಿ ಇರೋ ಹತ್ತಿ ಆ ಕಡಿ ಸರಸ್ರಿ. ಬೆಂಕಿ ಬಿದ್ದರ ನಮ್ಮ ಮನಿಗಿ ಬರ್ತದ."

ಸೂಜಿ ನಿಂತಿತು. "ಯಾವಾಗ ಬೀಳ್ತದ್ರಿ, ಮಾಸ್ತರ್ ಸಾಬ್?"

"ಅದು ಹ್ಯಾಂಗ ಹೇಳ್ಲಾಕ ಬರ್ತದ್ರಿ? ಆದ್ರ ಎಳ್ಳ ಅಮಾಸಿ ಒಳಗ ಸರಸಿಬಿಡ್ರಿ."

ಖಾಲಾ ಸೂಜಿ ಚುಚ್ಚಿಟ್ಟು ಎದ್ದರು. ಸಂಜೆಗೆಲ್ಲ ತಾಯಿ ಮಗಳು ಏಳೂ ಗಂಟುಗಳನ್ನು ಎಳೆದು ಆಚೆ ಗೋಡೆಗೆ ಹಾಕಿದ್ದರು. ನೆರೆಹೊರೆಗೆ ತಿಳಿವಳಿಕೆ ಕೊಡುವುದರಲ್ಲಿ ನನ್ನ ಕೈ ಪಳಗಿದೆ ಎಂದು ಬೀಗಿದೆ.

ಇನ್ನು ಹಾಳೆಯಲ್ಲಿ ಒಂದು ವಿಚಿತ್ರ ಮಾತು ಇತ್ತು. ಹಬ್ಬಕ್ಕೆಂದು ಮನೆಯೊಳಗೆ ತಂದ ಗಿಡಕ್ಕೆ ದಿನಾ ತಪ್ಪದೆ ನೀರು ಹಾಕಬೇಕು, ಅದರ ಮೇಲೆ ಮೇಣದಬತ್ತಿ ಹಚ್ಚಬಾರದು! ನಮ್ಮ ಮನೆಯಲ್ಲಿ ಹಬ್ಬಕ್ಕೆಂದು ತಂದ ಗಿಡ ಯಾವುದು ಎಂದು ಹುಡುಕಿದೆ. ಭಜ್ಜಿಗೆಂದು ತರಿಸಿದ ಹಸಿ ಕಡಲೆ ಗಿಡದ ಹೊರೆ ಅಡುಗೆಮನೆಯ ಮೂಲೆಯಲ್ಲಿತ್ತು. ಕಡಲೆ ಗಿಡದ ಮೇಲೆ ಮೇಣದಬತ್ತಿ ಹಚ್ಚುವ ಹುಚ್ಚು ಯಾರಿಗಿರುತ್ತದೋ ತಿಳಿಯಲಿಲ್ಲ. ಆದರೂ ನೀಲಮ್ಮನಿಗೆ ಗಂಭೀರವಾಗಿ ಎಚ್ಚರಿಕೆ ಕೊಟ್ಟು, ಬೆಳಿಗ್ಗೆ ಒಂದು ಕೊಡ, ಸಂಜೆ ಒಂದು ಕೊಡ ನೀರು ಸುರಿದೆ. ಮಣ್ಣಿನ ನೆಲ. ಎರಡನೆಯ ದಿನ ನೀಲಮ್ಮ ಹಿಟ್ಟಿನ ಬುಟ್ಟಿ ಸಮೇತ ಜಾರಿ ಬಿದ್ದಳು.

"ಮನ್ಯಾಗ ಕೆಸರು ಮಾಡೀರಲ್ರಿ!"

"ಕಂಪನಿ ಹೇಳ್ಯದ."

"ಕಂಪನಿ ಬಂದು ನೆಲ ಸಾರಸ್ತದೇನ್ರಿ?"

ಬಾಗಿಲಿಗೆ ಎರಡರಂತೆ ಮರಳು ತುಂಬಿದ ಬಕೆಟ್, ನೀರು ತುಂಬಿದ ಕೊಡ ಇಟ್ಟೆ. ಎದುರಿನ ಕಿರಾಣಿ ಅಂಗಡಿಯ ಶರಣಪ್ಪ ದಾಟಿ ಬಂದು, ದನಿ ತಗ್ಗಿಸಿ ಕೇಳಿದ.

"ಮಾಸ್ತರ, ಏನರ ಸುದ್ದಿ ಬಂದದೇನ್ರಿ?"

"ಸುದ್ದಿ ಏನಿಲ್ಲ, ಮುಂಜಾಗ್ರತಿ."

"ಎಲ್ಲಿಂದ ಬಂತು?"

"ಮುಂಬೈಯಿಂದ ಕಾಗದ ಬಂದದ."

ಶರಣಪ್ಪ ಮುಖ ಸಣ್ಣದು ಮಾಡಿಕೊಂಡು ಹೋದ. ಸಂಜೆಗೆ ಅವನ ಬಾಗಿಲಲ್ಲೂ ಎರಡು ಕೊಡ ನೀರು ಕಾಣಿಸಿತು. ಮರುದಿನ ಆರೇಳು ಮನೆಗಳ ಮುಂದೆ ಮರಳು ಬಂತು. ಒಬ್ಬ ಮಾಸ್ತರನಿಂದ ಒಂದು ಓಣಿಯೇ ತಿದ್ದಿಕೊಳ್ಳುವುದನ್ನು ಕಂಡು ನನ್ನ ಎದೆ ಉಬ್ಬಿತು.

ಕೊನೆಗೆ ಆ ಕೆಂಪು ತಗಡು. ಅದರ ಮೇಲೆ ಬಿಳಿ ಇಂಗ್ಲಿಷ್ ಅಕ್ಷರ. ಸ್ಟೂಲು ಹಾಕಿಕೊಂಡು ಬಾಗಿಲ ಮೇಲೆ ಮೊಳೆ ಹೊಡೆಯುತ್ತಿದ್ದಾಗ ಖಾಲಾ ತಲೆಯ ಮೇಲೆ ರಜಾಯಿ ಹೊತ್ತು ಗಿರಾಕಿಯ ಮನೆಗೆ ಹೊರಟಿದ್ದರು. ನಿಂತು ನೋಡಿದರು.

"ಇದು ಏನ್ರಿ, ಮಾಸ್ತರ್ ಸಾಬ್?"

"ಈ ತಗಡು ಇದ್ದ ಮನಿಗಿ ಬೆಂಕಿ ಅಂಜಿಕಿ ಇಲ್ರಿ, ಖಾಲಾ."

"ಇಲ್ಲದ ಮನಿಗಿ?"

"ಅದು ಅವರವರ ನಸೀಬ!" ಎಂದು ನಕ್ಕೆ. ನಗುತ್ತಲೇ ಎರಡನೆಯ ಮೊಳೆ ಹೊಡೆದೆ. ಖಾಲಾ ಗಿರಾಕಿಯ ಮನೆಗೆ ಹೋಗಲಿಲ್ಲ. ರಜಾಯಿ ಹೊತ್ತುಕೊಂಡೇ ತಿರುಗಿ ತಮ್ಮ ಮನೆಯೊಳಗೆ ಹೋದರು.

ಅಮಾವಾಸ್ಯೆಯ ದಿನ ಬೆಳಿಗ್ಗೆ ಅಣ್ಣನ ಬಂಡಿ ಬಂತು. ಬೆಲೆಬಾಳುವ ವಸ್ತುಗಳನ್ನು ಜೊತೆಗೆ ಒಯ್ಯಿರಿ ಎಂದು ಹಾಳೆಯಲ್ಲಿ ಇದ್ದದ್ದರಿಂದ ಅಂಬಲಿ ಗಡಿಗೆಯ ಜೊತೆಗೆ ಹಿತ್ತಾಳೆ ಪಾತ್ರೆ, ನೀಲಮ್ಮನ ಸೀರೆಯ ಟ್ರಂಕು, ಕಾಗದ ಪತ್ರದ ಪೆಟ್ಟಿಗೆ ಎಲ್ಲವನ್ನೂ ಹೇರಿದೆ. ಹೊಲದ ಊಟಕ್ಕೆ ಟ್ರಂಕು ಯಾಕೆಂದು ಎತ್ತುಗಳೂ ತಿರುಗಿ ನೋಡಿದವು. ಬೀಗ ಹಾಕಿ ಮೂರು ಸಲ ಜಗ್ಗಿ ನೋಡಿದೆ. ಖಾಲಾ ತಮ್ಮ ಬಾಗಿಲಲ್ಲಿ ನಿಂತಿದ್ದರು. ಸಂಜೆಗೇ ಬರುತ್ತೇವೆಂದು ಖಾಲಾಗೆ ಹೇಳಿರಿ ಎಂದು ನೀಲಮ್ಮ ಹಿಂದಿನ ದಿನವೇ ನನಗೆ ತಾಕೀತು ಮಾಡಿದ್ದಳು. ನಾನು ಹೇಳಿರಲಿಲ್ಲ. ಎಲ್ಲಿಗೆ ಹೋಗುತ್ತೀರಿ, ಯಾವಾಗ ಬರುತ್ತೀರಿ ಎಂದು ಯಾರಿಗೂ ತಿಳಿಸಬಾರದು ಎಂದು ಹಾಳೆಯ ಕೊನೆಗೆ ಇತ್ತು!

ಹೊಲದಲ್ಲಿ ನೀಲಮ್ಮ ಮೂರು ವರ್ಷದ ನಗುವನ್ನೆಲ್ಲ ಒಂದೇ ದಿನ ನಕ್ಕಳು. ಹಬ್ಬದ ಪದ್ಧತಿಯಂತೆ ಜೋಳದ ಬೆಳೆಯ ಸುತ್ತ ಅಂಬಲಿ ಚೆಲ್ಲುತ್ತಾ ನೆಗೆಣ್ಣಿಯ ಜೊತೆ ಓಡಿದಳು. ನಾನು ಆರು ರೊಟ್ಟಿ ತಿಂದೆ. ಅಂಬಲಿ ಮಾತ್ರ ಸ್ವಲ್ಪ ಕರ್ರಗಿತ್ತು. ಬದುವಿನ ಮೇಲೆ ಕೂತು, ಹೆಂಡತಿಯನ್ನು ನಗಿಸಿದ ಗಂಡಸು ನಾನು ಎಂದು ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡೆ.

ಸಂಜೆ ಬಿಸಿಲಿರುವಾಗಲೇ ಮರಳಿ ಬಂದೆವು. ಮನೆ ಇದ್ದಂತೆಯೇ ಇತ್ತು. ಖಾಲಾಗೆಂದು ತಂದ ಭಜ್ಜಿ ಅಂಬಲಿ ಹಿಡಿದು ನೀಲಮ್ಮ ಪಕ್ಕದ ಮನೆಗೆ ಹೋದಳು. ಬಾಗಿಲಿನ ಕೊಂಡಿಗೆ ಹಗ್ಗ ಬಿಗಿದಿತ್ತು. ಒಳಗೆ ಇಣುಕಿದರೆ ಹೊಲಿಗೆಯ ಸಾಮಾನಿಲ್ಲ, ಹಾಸಿಗೆಯಿಲ್ಲ. ಏಳು ಗಂಟು ಹತ್ತಿ ಮಾತ್ರ ಆಚೆ ಗೋಡೆಗೆ ಇತ್ತು.

"ಮಧ್ಯಾಹ್ನದ ರೈಲಗಾಡಿಗಿ ಬೀದರಕ್ಕ ಹೋದ್ರು, ತಮ್ಮ ಅಣ್ಣನ ಮನಿಗಿ," ಎಂದ ಶರಣಪ್ಪ. "ಅಳಕೋತ ಹೋದ್ರು ನೋಡ್ರಿ, ಇನ್ನ ಈ ಊರಿಗಿ ಬರಲ್ಲ ಅಂದ್ರು."

"ಯಾಕ?"

"ನನಗ ಕೇಳ್ತೀರಲ್ರಿ! ಬೆಂಕಿ ಬರೋದು ಮಾಸ್ತರಗ ಗೊತ್ತಾಗ್ಯದ, ಕಾಗದ ಬಂದದ, ಮನಿಗಿ ಗುರ್ತಿನ ತಗಡು ಬಡಿದಾರ, ಹತ್ತಿ ಎಣಿಸ್ಯಾರ, ಸಾಮಾನು ಹೇರ್ಕೊಂಡು ಹೋಗ್ಯಾರ ಅಂತ ಓಣಿಗೆಲ್ಲಾ ಗೊತ್ತದ. ನಾನೂ ಅರ್ಧ ಅಂಗಡಿ ಗಂಟು ಕಟ್ಟೀನಿ. ಈಗರ ಖರೇ ಹೇಳ್ರಿ, ಎಂದು ಬರ್ತದ?"

ನೀಲಮ್ಮ ಕೆಂಪು ತಗಡು ನೋಡಿದಳು, ಮರಳಿನ ಬಕೆಟ್ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. "ತಗೀರಿ ಆ ತಗಡ" ಎಂದಷ್ಟೇ ಅಂದಳು. ಹೊಡೆಯುವಾಗ ನೆಟ್ಟಗೆ ಹೋಗಿದ್ದ ಮೊಳೆ ಕೀಳುವಾಗ ಬರಲಿಲ್ಲ. ತಗಡಿನ ಜೊತೆ ಬಾಗಿಲ ಚೌಕಟ್ಟಿನ ಒಂದು ಚಕ್ಕೆಯೂ ಕಿತ್ತುಬಂತು. ಇಡೀ ವಿಮೆಯ ಅವಧಿಯಲ್ಲಿ ನಮ್ಮ ಮನೆಗೆ ಆದ ನಷ್ಟ ಅದೊಂದೇ.

ಮರುದಿನ ಮೊದಲ ಗಾಡಿಗೆ ಇಬ್ಬರೂ ಬೀದರಿಗೆ ಹೋದೆವು. ಕೋಟೆಯ ಕಡೆಯ ಹಳೆ ಓಣಿಯೊಂದರಲ್ಲಿ ತಮ್ಮ ಅಣ್ಣನ ಮನೆಯ ಅಂಗಳದಲ್ಲಿ ಖಾಲಾ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಜುಬೇದಾ ನಮ್ಮ ಮುಖ ನೋಡದೆ ಚಹಾ ತಂದಿಟ್ಟಳು. ನಾನು ಶಾಲೆಯಲ್ಲಿ ಇನ್ಸ್‌ಪೆಕ್ಟರರ ಮುಂದೆ ನಿಲ್ಲುವಂತೆ ನಿಂತು, ವಿಮೆ ಎಂದರೇನು, ಅದರಿಂದ ಆಗುವ ಉಪಯೋಗಗಳೇನು ಎಂದು ಮೊದಲಿನಿಂದ ವಿವರಿಸಿದೆ. ಖಾಲಾ ಪೂರ್ತಿ ಕೇಳಿದರು.

"ಆ ಸಲನೂ ನೀವು ಹಿಂಗೇ ಮಾಡಿದ್ರಿ, ಮಾಸ್ತರ್ ಸಾಬ್," ಅಂದರು. "ಬಂಡಿ ತರಿಸಿದ್ರಿ. ಪಾತ್ರಿ ಹೇರಿದ್ರಿ. ಬೀಗ ಮೂರು ಸಲ ಜಗ್ಗಿ ನೋಡಿದ್ರಿ. ನಮಗೇನೂ ಹೇಳ್ಲಿಲ್ಲ. ಮೂರನೇ ದಿನ ನಮ್ಮ ಮನಿ ಸುಟ್ಟರು. ನಮಗ ಮತ್ಯಾರು ಹೇಳೋರು ಇದ್ದಾರ್ರಿ? ನಿಮ್ಮ ಬೀಗ ನೋಡೇ ನಾವು ತಿಳ್ಕೋಬೇಕು."

ನನ್ನ ಕೈ ಅಂಗಿಯ ಜೇಬಿಗೆ ಹೋಯಿತು. ಮಾತು ತೋಚದಿದ್ದಾಗ ಕಾಗದ ತೆಗೆಯುವುದು ನನ್ನ ಅಭ್ಯಾಸ. ವಿಮೆ ಪತ್ರ ತೆಗೆದೆ.

"ಈಗ ಹಂಗಿಲ್ರಿ, ಖಾಲಾ. ಇದೊಂದು ಇದ್ರ ಮನಿ ಸುಟ್ಟರೂ ಕಂಪನಿ ಕಟ್ಟಿಸಿ ಕೊಡ್ತದ. ನಿಮಗೂ ಮಾಡಿಸಿ ಕೊಡ್ತೇನಿ."

"ಜನ ಬಂದು ಹಚ್ಚಿದ್ರೂ ಕೊಡ್ತಾರೇನ್ರಿ?"

"ಕೊಡ್ಲಾರ್ದ ಏನ್ರಿ! ಓದಿ ಹೇಳ್ತೇನಿ ಕೇಳ್ರಿ."

ಜೀವನದಲ್ಲಿ ಮೊದಲ ಸಲ ಎರಡನೆಯ ಪುಟ ತಿರುಗಿಸಿದೆ. ಆಮೇಲೆ ಮೂರನೆಯದು. ಗಟ್ಟಿಯಾಗಿ ಓದುತ್ತಾ, ಕನ್ನಡಕ್ಕೆ ತಿರುಗಿಸಿ ಹೇಳುತ್ತಾ ಹೋದೆ. "ಈ ಕೆಳಗಿನ ಕಾರಣದಿಂದ ಬಿದ್ದ ಬೆಂಕಿಗೆ ಕಂಪನಿ ಹೊಣೆಯಲ್ಲ. ಯುದ್ಧ. ಪರರಾಜ್ಯದ ದಾಳಿ. ದಂಗೆ. ದೊಂಬಿ. ಜನರ ಗದ್ದಲ. ಸರಕಾರ ಬದಲಾಗುವಾಗ..." ಒಂದೊಂದು ಮಾತಿಗೂ ನನ್ನ ದನಿ ಸಣ್ಣದಾಯಿತು. ಕೊನೆಯದನ್ನು ಹೇಳಿದ್ದು ನನಗೂ ಕೇಳಿಸಲಿಲ್ಲ. ನಮ್ಮ ಓಣಿ ಕಂಡ ಬೆಂಕಿ ಎಷ್ಟಿತ್ತೋ ಅಷ್ಟನ್ನೂ ಕಂಪನಿ ಹೆಸರು ಹಿಡಿದು ಹೊರಗಿಟ್ಟಿತ್ತು.

ಮೊದಲು ಜುಬೇದಾ ನಕ್ಕಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ತಡೆಯಲಾಗಲಿಲ್ಲ. ಆಮೇಲೆ ಖಾಲಾ ನಗತೊಡಗಿದರು. ಕಣ್ಣು ಒರೆಸಿಕೊಳ್ಳುತ್ತಾ, "ಅಂದ್ರ ಒಲಿಯಾಗಿನ ಬೆಂಕಿಗಷ್ಟೇ ಏನ್ರಿ? ಅದಕ್ಕ ಒಂದು ಕೊಡ ನೀರು ಸಾಕಲ್ರಿ, ಮಾಸ್ತರ್ ಸಾಬ್!" ಅಂದರು. ನೀಲಮ್ಮನೂ ನಕ್ಕಳು. ನನ್ನ ಮಾನ ಹೋದರೂ ಕೆಲಸ ಆಯಿತೆಂದು ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಎದ್ದು ನಿಂತು, "ನಡೀರಿ ಖಾಲಾ, ಗಾಡಿ ಹೊತ್ತಾಯ್ತು" ಅಂದೆ.

ಖಾಲಾ ಏಳಲಿಲ್ಲ.

"ಒಂದು ಕೇಳ್ತೇನಿ. ಆ ಸಲ ನಿಮಗ ಗೊತ್ತಿತ್ತೇನ್ರಿ?"

ಈ ಪ್ರಶ್ನೆಯನ್ನು ಮೂರು ವರ್ಷದಿಂದ ಗೋಡೆಯ ಆಚೆ ಕೂತು ಅವರು ಹೊಲಿಯುತ್ತಿದ್ದರೆಂದು ನನಗೆ ಆಗ ತಿಳಿಯಿತು. ಇಲ್ಲ ಎನ್ನಬಹುದಿತ್ತು. ಅಂದು ನಾನು, ನಿನ್ನ ತಾಯಿಗೆ ಆರಾಮಿಲ್ಲವೆಂದು ಸುದ್ದಿ ಬಂದಿದೆ ಎಂದು ಹೇಳಿ ನೀಲಮ್ಮನನ್ನು ಔರಾದಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ತಾಯಿ ಗಟ್ಟಿಮುಟ್ಟಾಗಿ ಕಾಳು ಹಸನು ಮಾಡುತ್ತಾ ಕೂತದ್ದನ್ನು ನೋಡಿಯೂ ಅವಳು ನನ್ನನ್ನು ಏನೂ ಕೇಳಿರಲಿಲ್ಲ. ಈಗ ನನ್ನ ಮುಖವನ್ನೇ ನೋಡುತ್ತಿದ್ದಳು.

"ಗೊತ್ತಿತ್ರಿ" ಅಂದೆ. "ಸಾಲ್ಯಾಗ ಹಿಂದಿನ ದಿನ ಒಬ್ಬರು ಹೇಳಿದ್ರು. ನಮ್ಮ ಓಣಿಗಿ ಬರ್ತಾರ ಅಂತ."

"ಮತ್ತ ನಮಗ ಯಾಕ ಹೇಳ್ಲಿಲ್ರಿ?"

"ಬಂಡ್ಯಾಗ ಜಾಗ ಇರ್ಲಿಲ್ರಿ, ಖಾಲಾ."

ಖಾಲಾ ಚಹಾದ ಬಟ್ಟಲು ಪಕ್ಕಕ್ಕೆ ಸರಿಸಿದರು. ನಮ್ಮ ರಜಾಯಿ ಕೆಳಗ ಜಾಗ ಇತ್ತಲ್ರಿ ಎನ್ನಲಿಲ್ಲ. ಅಂದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ನೀಲಮ್ಮ ಎದ್ದು ಹೋಗಿ ಅವರ ಪಕ್ಕ ನೆಲದ ಮೇಲೆ ಕೂತಳು. "ನನಗ ಗೊತ್ತಿರ್ಲಿಲ್ರಿ, ಖಾಲಾ" ಎಂದು ಅವರ ಕೈ ಹಿಡಿದುಕೊಂಡಳು. ಹಾಗೇ ನನ್ನ ಕಡೆ ತಿರುಗದೆ, "ನೀವು ಹೋಗ್ರಿ. ನಾ ಇವರ ಜೋಡಿ ಬರ್ತೇನಿ. ಇವರು ಬಂದ್ರ ಬರ್ತೇನಿ" ಅಂದಳು.

ಒಬ್ಬನೇ ಭಾಲ್ಕಿಗೆ ಬಂದೆ. ನಾಲ್ಕು ದಿನ ನಾನೇ ಒಲೆ ಹಚ್ಚಿದೆ. ಮೂರನೆಯ ದಿನ ಬೆಂಕಿ ಊದುವಾಗ ನನ್ನ ಧೋತರದ ಅಂಚು ಹೊತ್ತಿಕೊಂಡಿತು! ಮರಳಿನ ಬಕೆಟ್ ಎಂದು ಓಡಿದೆ. ಬೆಂಕಿಯ ಸುದ್ದಿ ಸುಳ್ಳೆಂದು ತಿಳಿದ ಮೇಲೆ ಶರಣಪ್ಪ ಅಂಗಡಿಯ ಕಟ್ಟೆ ರಿಪೇರಿಗೆ ಆ ಮರಳನ್ನು ಕೇಳದೆಯೇ ಒಯ್ದಿದ್ದ. ಕೊನೆಗೆ ಸಾರಿನ ಪಾತ್ರೆಯನ್ನೇ ಮೈಮೇಲೆ ಸುರಿದುಕೊಂಡು ಉಳಿದೆ. ವಿಮೆ ಪತ್ರ ತೆಗೆದು ನೋಡಿದೆ. ಧೋತರದ ಮಾತು ಯಾವ ಪುಟದಲ್ಲೂ ಇರಲಿಲ್ಲ.

ಐದನೆಯ ದಿನ ಮೂವರೂ ಸ್ಟೇಷನ್ನಿನಿಂದ ನಡೆದು ಬಂದರು. ನೀಲಮ್ಮನ ತಲೆಯ ಮೇಲೆ ಖಾಲಾ ಅವರ ಗಂಟು ಇತ್ತು. ಖಾಲಾ ನನಗೆ ಸಲಾಂ ಹೇಳಿದರು, ನಾನೂ ಹೇಳಿದೆ. ಅಷ್ಟೇ. ಹಗ್ಗ ಬಿಚ್ಚಿ ಒಳಗೆ ಹೋದರು, ಸಂಜೆಗೆ ಹತ್ತಿ ಹಿಂಜುವ ಸಪ್ಪಳ ಕೇಳಿಸಿತು. ನೀಲಮ್ಮ ಮನೆಯಲ್ಲಿ ಎಲ್ಲ ಕೆಲಸ ಮಾಡಿದಳು, ಎಲ್ಲ ಮಾತೂ ಆಡಿದಳು. ಆದರೆ ಮೊದಲು ನನ್ನನ್ನು ಕೇಳಿ ಮಾಡುತ್ತಿದ್ದ ಕೆಲಸಗಳನ್ನು ಕೇಳದೆ ಮಾಡತೊಡಗಿದಳು. ಕೇಳಬೇಕೆಂದು ಹೇಳುವ ಧೈರ್ಯ ನನಗಿರಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಜೋಳದ ತೆನೆ ಹಾಲು ತುಂಬಿದವು. ಎಳೆ ತೆನೆ ಸುಟ್ಟು ಸೀತನಿ ತಿನ್ನಲು ಬನ್ನಿರೆಂದು ಅಣ್ಣ ಬಂಡಿ ಕಳಿಸಿದ. ನೀಲಮ್ಮ ಮೊದಲು ಪಕ್ಕದ ಮನೆಗೆ ಹೋಗಿ, ಬೇಡ ಬೇಡವೆಂದರೂ ಬಿಡದೆ, ಖಾಲಾ ಮತ್ತು ಜುಬೇದಾರನ್ನು ಕರೆತಂದು ಬಂಡಿಯಲ್ಲಿ ಕೂಡಿಸಿದಳು. ತಾನೂ ಹತ್ತಿದಳು. ನಾನು ಹೊಸ ಧೋತರ ಉಟ್ಟು, ಗಾಲಿಯ ಮೇಲೆ ಒಂದು ಕಾಲಿಟ್ಟು ಹತ್ತಲು ನೋಡಿದೆ.

"ನಿಮಗ ಜಾಗ ಇಲ್ರಿ" ಅಂದಳು ನೀಲಮ್ಮ.

ಸಿಟ್ಟಿನಿಂದ ಹೇಳಲಿಲ್ಲ. ಉಪ್ಪು ಇಲ್ಲ ಎಂದು ಹೇಳುವ ಹಾಗೆ ಹೇಳಿದಳು. ಖಾಲಾ ಸರಿದು ಜಾಗ ಮಾಡಲಿಲ್ಲ. ಕಾಲು ಕೆಳಗಿಳಿಸಿದೆ. ಬಂಡಿ ಹೊರಟಿತು. ಎರಡು ಮನೆಗಳ ನಡುವೆ ನಿಂತು ಹಿಂದಿನಿಂದ ನೋಡಿದೆ. ಮೂವರು ಕೂತ ಮೇಲೂ ಹಾಸಿದ ಒಣ ಜೋಳದ ಕಣಕಿಯ ಮೇಲೆ ಇನ್ನೂ ಇಬ್ಬರು ಕಾಲು ಚಾಚಿ ಕೂಡುವಷ್ಟು ಜಾಗವಿತ್ತು.

ಅದೇ ಬಂಡಿ. ಅಂದೂ ಜಾಗ ಅಷ್ಟೇ ಇತ್ತು.